ಕೆಜಿಎಫ್: ಸಿನಿಮಾದ ನರಾಚಿ ಬೇರೆ, ನಮ್ಮೂರ ಗಣಿ ಬೇರೆ, 1802ರಿಂದ ಇಲ್ಲಿವರೆಗಿನ ಪೂರ್ತಿ ಮಾಹಿತಿ

ಕೆಜಿಎಫ್: ಹೊರಗಿಂದ ಬಂದೋರು ಮಾರಿಕುಪ್ಪಂ ಸ್ಟೇಷನ್‌ನಲ್ಲಿ ಇಳಿದ ತಕ್ಷಣ ಆಟೋದವರನ್ನ ಕೇಳೋದು ಒಂದೇ ಮಾತು: "ಸಿನಿಮಾದಲ್ಲಿ ಬರುತ್ತಲ್ಲ, ಆ ಜಾಗ ಎಲ್ಲಿ?" ಆಟೋದವರು ಸಯನೈಡ್ ಗುಡ್ಡದ ಕಡೆ ಕೈ ತೋರಿಸ್ತಾರೆ. ಬಂದೋರು ಫೋಟೋ ತೆಗೆಸ್ಕೊಂಡು, ಟೀ ಕುಡಿದು ವಾಪಸ್ ಹೋಗ್ತಾರೆ. 120 ವರ್ಷ ಈ ನೆಲದಲ್ಲಿ ಏನು ನಡೀತು ಅನ್ನೋದು ಅವರಿಗೆ ಗೊತ್ತಾಗೋದೇ ಇಲ್ಲ. ನಮ್ಮ ಮಕ್ಕಳಿಗೂ ಈಗ ಕೆಜಿಎಫ್ ಅಂದ್ರೆ ಮೊದಲು ನೆನಪಾಗೋದು ರಾಕಿ ಭಾಯ್.

ಸಿನಿಮಾದಿಂದ ಊರಿಗೆ ಹೆಸರು ಬಂತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅಂಗಡಿ ಮುಂದೆ ನಿಂತು ಯಾರಾದ್ರೂ "ನಿಜವಾಗ್ಲೂ ಹಂಗೇ ಇತ್ತಾ?" ಅಂತ ಕೇಳಿದ್ರೆ ಸರಿಯಾದ ಉತ್ತರ ಕೊಡೋಕೆ ಆಗ್ಬೇಕು. ಅದಕ್ಕೇ ಗಣಿಯ ಇತಿಹಾಸ ಮತ್ತು ಸಿನಿಮಾಗಳಲ್ಲಿ ಅದು ಬಂದ ರೀತಿ, ಎರಡನ್ನೂ ಇಲ್ಲಿ ಒಂದೇ ಕಡೆ ಕೊಡಲಾಗಿದೆ.

ಶುರುವಾಗಿದ್ದು ಮಣ್ಣಿನ ಗಾಡಿಯಿಂದ

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ರಾಜ್ಯದ ಗಡಿ ಅಳತೆ ಶುರುವಾಯ್ತು. ಆ ಕೆಲಸಕ್ಕೆ ಈ ಭಾಗಕ್ಕೆ ಬಂದವನು ಲೆಫ್ಟಿನೆಂಟ್ ಜಾನ್ ವಾರೆನ್ ಅನ್ನೋ ಬ್ರಿಟಿಷ್ ಸೇನೆಯ ಅಧಿಕಾರಿ. ಇಲ್ಲಿ ಮಣ್ಣಲ್ಲಿ ಚಿನ್ನ ಸಿಗುತ್ತೆ ಅನ್ನೋ ಮಾತು ಅವನ ಕಿವಿಗೆ ಬಿತ್ತು. 1802ರಲ್ಲಿ ಅವನು, ಚಿನ್ನ ತೋರಿಸಿದವರಿಗೆ ಬಹುಮಾನ ಕೊಡ್ತೀನಿ ಅಂದ. ಊರಿಗಾಂ ಕಡೆ ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ತುಂಬ್ಕೊಂಡು ಬಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದ್ರು.

ಇದು ಮುಖ್ಯವಾದ ವಿಷಯ. ಬ್ರಿಟಿಷರು ಚಿನ್ನ "ಕಂಡುಹಿಡಿದರು" ಅಂತ ಹೇಳೋದು ವಾಡಿಕೆ. ಆದ್ರೆ ಅವರು ಬರೋ ಮೊದಲೇ ಇಲ್ಲಿನ ಜನ ಮಣ್ಣು ತೊಳೆದು ಚಿನ್ನ ತೆಗೀತಿದ್ರು. ಹಳೇ ಕಾಲದ ಗುಂಡಿಗಳು ಆಮೇಲೆ ಗಣಿ ತೋಡುವಾಗಲೂ ಸಿಕ್ಕಿವೆ. ಕೋಲಾರದ ಚಿನ್ನ ಬ್ರಿಟಿಷರಿಗಿಂತ ಎಷ್ಟೋ ಹಳೇದು.

ವಾರೆನ್ ಬರೆದ ವರದಿ 1804ರಲ್ಲಿ ಪ್ರಕಟವಾಯ್ತು. ಆಮೇಲೆ ಸುಮಾರು 70 ವರ್ಷ ದೊಡ್ಡ ಮಟ್ಟದಲ್ಲಿ ಏನೂ ಆಗ್ಲಿಲ್ಲ.

ಲಾವೆಲ್ಲೆ ಬಂದ, ಆಮೇಲೆ ಜಾನ್ ಟೇಲರ್ ಕಂಪನಿ

ಬೆಂಗಳೂರಿನ ಲಾವೆಲ್ಲೆ ರೋಡ್ ಎಲ್ಲರಿಗೂ ಗೊತ್ತು. ಆ ಹೆಸರಿನ ಮೈಕಲ್ ಫಿಟ್ಜೆರಾಲ್ಡ್ ಲಾವೆಲ್ಲೆ ಐರ್ಲೆಂಡ್ ಮೂಲದ ನಿವೃತ್ತ ಸೈನಿಕ. ನ್ಯೂಜಿಲೆಂಡ್‌ನಲ್ಲಿ ಯುದ್ಧ ಮಾಡಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ. ನ್ಯೂಜಿಲೆಂಡ್‌ನಲ್ಲೇ ಅವನಿಗೆ ಚಿನ್ನದ ಗಣಿ ಹುಚ್ಚು ಹತ್ತಿತ್ತು. ವಾರೆನ್ ವರದಿ ಓದಿ 1871ರಲ್ಲಿ ಎತ್ತಿನ ಗಾಡಿಯಲ್ಲೇ ಕೋಲಾರದ ಕಡೆ ಬಂದ. 1875ರಲ್ಲಿ ಸರ್ಕಾರದಿಂದ ಗಣಿಗಾರಿಕೆಗೆ ಪರವಾನಗಿನೂ ಸಿಕ್ತು. ಆದ್ರೆ ಗಣಿ ಮಾಡೋಕೆ ದುಡ್ಡು ಬೇಕಲ್ಲ, ಅದು ಅವನ ಹತ್ರ ಇರ್ಲಿಲ್ಲ. ಕೊನೆಗೆ ಹಕ್ಕು ಬೇರೆಯವರ ಕೈಗೆ ಹೋಯ್ತು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಮೊದಮೊದಲು ಅವರಿಗೂ ಲಾಸೇ. ಬಂಡವಾಳ ಕರಗ್ತಾ ಬಂತು, ಷೇರುದಾರರು ಮುಚ್ಚಿಬಿಡೋಣ ಅಂದ್ರು. ಕೊನೆಯದಾಗಿ ಒಂದು ಸಲ ನೋಡೋಣ ಅಂತ ತೋಡಿದಾಗ ಸಿಕ್ಕಿದ್ದೇ ಚಾಂಪಿಯನ್ ಲೋಡ್ ಅನ್ನೋ ಚಿನ್ನದ ಪದರ. ಅಲ್ಲಿಂದ ಊರಿನ ದಿಕ್ಕೇ ಬದಲಾಯ್ತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಅಂತ ನಾಲ್ಕು ದೊಡ್ಡ ಗಣಿಗಳು ಎದ್ದವು.

1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರು. ಬೇತಮಂಗಲದಿಂದ ಕುಡಿಯೋ ನೀರು ಬಂತು. ಮೈಸೂರು ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಲ್ಲಿ ರಾಬರ್ಟ್‌ಸನ್‌ಪೇಟೆ ಕಟ್ಟಿದ್ರು. ಇವತ್ತು ನಾವು ವ್ಯಾಪಾರ ಮಾಡೋ ಬೀದಿಗಳು ಹುಟ್ಟಿದ್ದೇ ಗಣಿ ಕಾರ್ಮಿಕರ ಸಂಬಳದ ದಿನದ ವ್ಯಾಪಾರದ ಮೇಲೆ.

ಬೆಂಗಳೂರಿಗಿಂತ ಮೊದಲು ನಮಗೆ ಕರೆಂಟ್

1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿಂದ ಕರೆಂಟ್ ತೆಗೆದು ನೇರ ಕೆಜಿಎಫ್‌ಗೆ ತಂದ್ರು. ಸುಮಾರು 148 ಕಿ.ಮೀ. ಲೈನ್. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ವಿದ್ಯುತ್ ಲೈನ್‌ಗಳಲ್ಲಿ ಅದೂ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹಾಕಿದ ಯೋಜನೆ ಇದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ, ನಮಗಿಂತ ಮೂರು ವರ್ಷ ತಡವಾಗಿ.

ಆದ್ರೆ ಕರೆಂಟ್ ಬಂದಿದ್ದು ಮನೆಗಳಿಗಲ್ಲ, ಗಣಿಯ ಯಂತ್ರಗಳಿಗೆ. ಬ್ರಿಟಿಷ್ ಅಧಿಕಾರಿಗಳ ಬಂಗಲೆ, ಕ್ಲಬ್ಬು, ಚರ್ಚು ನೋಡಿ "ಮಿನಿ ಇಂಗ್ಲೆಂಡ್" ಅಂತ ಹೆಸರು ಬಂತು. ಕಾರ್ಮಿಕರು ಇದ್ದಿದ್ದು ಬಿದಿರು ತಟ್ಟಿ ಗುಡಿಸಲಲ್ಲಿ, ಆಮೇಲೆ ಸಾಲು ಸಾಲು ಲೈನ್ ಮನೆಗಳಲ್ಲಿ. ಒಂದೇ ಊರಲ್ಲಿ ಎರಡು ಊರು ಇತ್ತು.

ಗಣಿ ಕೆಳಗೆ ಕೆಲಸ ಹೇಗಿತ್ತು

ಕೋಲಾರದ ಚಿನ್ನ ಗಟ್ಟಿಯಾಗಿ ಕೈಗೆ ಸಿಗೋದಲ್ಲ. ಬಿಳಿ ಬೆಣಚು ಕಲ್ಲಿನ ಪದರದೊಳಗೆ ಸಣ್ಣ ಕಣಗಳಾಗಿ ಸೇರ್ಕೊಂಡಿರುತ್ತೆ. ಎಷ್ಟೋ ಸಲ ಕಣ್ಣಿಗೂ ಕಾಣಲ್ಲ. ಆ ಪದರ ನೆಲದೊಳಗೆ ಇಳಿದಂಗೆಲ್ಲ ಕಾರ್ಮಿಕರೂ ಇಳೀಬೇಕು. ಶಾಫ್ಟ್‌ನಲ್ಲಿ ಕೇಜ್ ಹತ್ತಿ ಕೆಳಗಿಳಿದು, ಸುರಂಗದಲ್ಲಿ ನಡೆದು, ಬಂಡೆಗೆ ತೂತು ಕೊರೆದು, ಮದ್ದಿಟ್ಟು ಸಿಡಿಸಿ, ಕಲ್ಲು ತುಂಬಿ ಮೇಲೆ ಕಳಿಸ್ಬೇಕು.

ಮೇಲೆ ಮಿಲ್‌ನಲ್ಲಿ ಕಲ್ಲನ್ನ ಪುಡಿ ಮಾಡಿ, ಪಾದರಸ ಹಾಕಿ ಚಿನ್ನ ಹಿಡೀತಿದ್ರು. ಉಳಿದ ಪುಡಿಯಲ್ಲಿರೋ ಚಿನ್ನಕ್ಕೆ ಸಯನೈಡ್ ದ್ರಾವಣ. ಚಿನ್ನ ಕರಗಿ ಬೇರೆಯಾದ ಮೇಲೆ ಮಿಕ್ಕಿದ ಬೂದಿ ಬಣ್ಣದ ಪುಡಿಯನ್ನ ಹೊರಗೆ ಸುರೀತಿದ್ರು. ಅದೇ ಇವತ್ತಿನ ಸಯನೈಡ್ ಗುಡ್ಡ. ಅಂದ್ರೆ ಅದು ದೇವರು ಮಾಡಿದ ಗುಡ್ಡ ಅಲ್ಲ, ನಮ್ಮ ಅಜ್ಜಂದಿರು ಒಡೆದ ಕಲ್ಲಿನ ಪುಡಿ.

ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಹೋಯ್ತು. ಪ್ರಪಂಚದ ಅತಿ ಆಳದ ಗಣಿಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಇತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟ್ತಿತ್ತು. ಅದರ ಮೇಲೆ "ಏರ್ ಬ್ಲಾಸ್ಟ್" ಭಯ. ಮೇಲಿನ ಭಾರ ತಡೀಲಾರದೆ ಬಂಡೆ ತಾನಾಗೇ ಸಿಡಿಯೋದಕ್ಕೆ ಇಲ್ಲಿಯವರು ಇಟ್ಟ ಹೆಸರು ಅದು. ಮೇಲೆ ಮನೆಗಳಲ್ಲಿ ಪಾತ್ರೆ ಅಲ್ಲಾಡಿದ್ರೆ, ಕೆಳಗೆ ಯಾರಿಗೆ ಏನಾಯ್ತೋ ಅಂತ ಹೆಂಗಸರು ಶಾಫ್ಟ್ ಕಡೆ ಓಡೋರು. ಬಂಡೆ ಸಿಡಿತದ ಬಗ್ಗೆ ಅಧ್ಯಯನ ಮಾಡೋಕೆ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆಜಿಎಫ್‌ನಲ್ಲೇ ಶುರುವಾಗಿದ್ದು ಸುಮ್ನೆ ಅಲ್ಲ.

ಇನ್ನೊಂದು ಸಾವು ನಿಧಾನವಾಗಿ ಬರ್ತಿತ್ತು, ಸಿಲಿಕೋಸಿಸ್. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಉಸಿರೇ ಕಟ್ಟಿಸೋ ಕಾಯಿಲೆ. 1947ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲ್ಲಿನ 7,653 ಕಾರ್ಮಿಕರನ್ನ ಪರೀಕ್ಷೆ ಮಾಡಿದಾಗ ಶೇ 43.7ರಷ್ಟು ಜನರಿಗೆ ಸಿಲಿಕೋಸಿಸ್ ಇರೋದು ಗೊತ್ತಾಯ್ತು. ಭಾರತದಲ್ಲಿ ಈ ಕಾಯಿಲೆ ಮೊದಲು ದಾಖಲಾಗಿದ್ದು ಕೋಲಾರದ ಗಣಿಯಿಂದಲೇ. ಇವತ್ತಿಗೂ ಮೆಡಿಕಲ್ ಓದೋ ಮಕ್ಕಳ ಪಠ್ಯದಲ್ಲಿ ನಮ್ಮೂರ ಹೆಸರು ಈ ಕಾರಣಕ್ಕೆ ಇದೆ.

ಕೆಲಸ ಮಾಡಿದವರು ಯಾರು

ಒಂದು ಕಾಲಕ್ಕೆ ಇಲ್ಲಿ 30 ಸಾವಿರಕ್ಕೂ ಹೆಚ್ಚು ಜನ ದುಡೀತಿದ್ರು. ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರು. ಅದರಲ್ಲೂ ದಲಿತರೇ ಜಾಸ್ತಿ. ಊರಲ್ಲಿ ಜಮೀನಿಲ್ಲ, ಮರ್ಯಾದೆಯಿಲ್ಲ, ಬರ ಬಂದ್ರೆ ಊಟವಿಲ್ಲ. ಗಣಿಯಲ್ಲಿ ಜೀವಕ್ಕೆ ಅಪಾಯ ಇದ್ರೂ ಕೂಲಿ ನಗದಾಗಿ ಸಿಗ್ತಿತ್ತು. ಇವತ್ತು ಕೆಜಿಎಫ್ ಬೀದಿಯಲ್ಲಿ ತಮಿಳು, ಕನ್ನಡ, ತೆಲುಗು ಒಂದೇ ಮಾತಲ್ಲಿ ಬೆರೆತು ಬರೋದಕ್ಕೆ ಇದೇ ಕಾರಣ.

ಈ ಜನ ಬಾಯಿ ಮುಚ್ಕೊಂಡು ದುಡಿದವರಲ್ಲ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತಗೊಂಡು ನೋಂದಣಿ ಮಾಡೋಕೆ ಕಂಪನಿ ಹೊರಟಾಗ, ನಾವೇನು ಕಳ್ಳರಾ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದ್ರು. 1940ರ ದಶಕದಲ್ಲಿ ಯೂನಿಯನ್ ಬಲವಾಯ್ತು. 1946ರ ನವೆಂಬರ್‌ನಲ್ಲಿ ಪೊಲೀಸರ ಗೋಲಿಬಾರ್‌ಗೆ ಕಾರ್ಮಿಕರು ಬಲಿಯಾದ್ರು. ಅವರ ನೆನಪು ಊರಲ್ಲಿ ಇನ್ನೂ ಉಳಿದಿದೆ. ಇದರ ಬಗ್ಗೆ ಹೆಚ್ಚು ತಿಳ್ಕೋಬೇಕು ಅನ್ನೋರು ಇತಿಹಾಸಕಾರ್ತಿ ಜಾನಕಿ ನಾಯರ್ ಅವರ "ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್" ಪುಸ್ತಕ ನೋಡಬಹುದು. ಮೈಸೂರು ಸಂಸ್ಥಾನದ ಕಾರ್ಮಿಕರ ಬಗ್ಗೆ ಬಂದ ಮುಖ್ಯವಾದ ಕೆಲಸ ಅದು.

ಭೂಮಿಯೊಳಗೆ ವಿಜ್ಞಾನ

ಇದು ಊರಿನವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪ್ರಯೋಗಾಲಯ ಮಾಡ್ಕೊಂಡಿದ್ರು. ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೂ ಜೊತೆಗಿದ್ರು. 1965ರಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಕಣಗಳ ಸುಳಿವನ್ನ ಪ್ರಪಂಚದಲ್ಲೇ ಮೊದಲು ಹಿಡಿದವರಲ್ಲಿ ಇವರೂ ಸೇರ್ತಾರೆ. ಮೇಲಿನ ಬಂಡೆ ಬೇರೆ ಕಣಗಳನ್ನೆಲ್ಲ ತಡೆದುಬಿಡೋದ್ರಿಂದ ಇಂಥ ಪ್ರಯೋಗಕ್ಕೆ ಅಷ್ಟು ಆಳ ಬೇಕಿತ್ತು. ಇದನ್ನ ಇಲ್ಲಿವರೆಗೆ ಯಾವ ಕಮರ್ಷಿಯಲ್ ಸಿನಿಮಾನೂ ಮುಟ್ಟಿಲ್ಲ.

ಮುಚ್ಚಿದ್ದು ಹೇಗೆ

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನ ವಹಿಸ್ಕೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋಯ್ತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದ್ರೆ ಬಿಜಿಎಂಎಲ್ ಆಯ್ತು. ಅಷ್ಟರಲ್ಲಿ ಒಳ್ಳೇ ಪದರ ಖಾಲಿಯಾಗ್ತಾ ಬಂದಿತ್ತು. ಶುರುವಿನಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಂಗೂ ಮೇಲೆ ಸಿಕ್ಕಿದ್ದ ಚಿನ್ನ, ಕೊನೆಗೆ 3 ಗ್ರಾಂ ಹತ್ತಿರಕ್ಕೆ ಇಳೀತು. ಆಳ ಜಾಸ್ತಿ, ಖರ್ಚು ಜಾಸ್ತಿ, ಚಿನ್ನ ಕಮ್ಮಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿವರೆಗೆ ಇಲ್ಲಿಂದ ತೆಗೆದ ಚಿನ್ನ ಸುಮಾರು 800 ಟನ್.

ಪಂಪ್ ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬ್ತು. ಮೇಲೆ ಅಂಗಡಿಗಳಲ್ಲಿ ವ್ಯಾಪಾರ ಬತ್ತಿತು. ಗಣಿಯವರ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೊರಟ್ರು. ಆ ಓಡಾಟ ಇವತ್ತಿಗೂ ನಿಂತಿಲ್ಲ. ಕರ್ನಾಟಕದಲ್ಲಿ ಈಗಲೂ ಚಿನ್ನ ತೆಗೀತಿರೋದು ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ.

ಸಿನಿಮಾಗೆ ಬಂದ ಕೆಜಿಎಫ್

ಪ್ರಶಾಂತ್ ನೀಲ್ ನಿರ್ದೇಶನ, ಯಶ್ ನಾಯಕ, ಹೊಂಬಾಳೆ ಫಿಲ್ಮ್ಸ್ ನಿರ್ಮಾಣದ "ಕೆಜಿಎಫ್: ಚಾಪ್ಟರ್ 1" ಬಂದಿದ್ದು 2018ರ ಡಿಸೆಂಬರ್ 21ಕ್ಕೆ. "ಚಾಪ್ಟರ್ 2" ಬಂದಿದ್ದು 2022ರ ಏಪ್ರಿಲ್ 14ಕ್ಕೆ. ಎರಡನೇ ಭಾಗ ಪ್ರಪಂಚದಾದ್ಯಂತ 1,000 ಕೋಟಿ ರೂಪಾಯಿ ಗಳಿಕೆ ದಾಟಿದ ಮೊದಲ ಕನ್ನಡ ಸಿನಿಮಾ ಆಯ್ತು. ಮೊದಲ ಭಾಗಕ್ಕೆ ಸಾಹಸ ಮತ್ತು ವಿಶುವಲ್ ಎಫೆಕ್ಟ್ಸ್ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. ಚಿತ್ರೀಕರಣದ ಒಂದು ಭಾಗ ನಮ್ಮ ಸಯನೈಡ್ ಗುಡ್ಡದ ಮೇಲೇ ಸೆಟ್ ಹಾಕಿ ನಡೀತು.

ಸಿನಿಮಾಕ್ಕೂ ನಿಜಕ್ಕೂ ಇರೋ ವ್ಯತ್ಯಾಸ ಹೀಗಿದೆ.

ಸಿನಿಮಾದಲ್ಲಿ: ಚಿನ್ನ ಪತ್ತೆಯಾಗೋದು 1951ರಲ್ಲಿ, ರಾಕಿ ಹುಟ್ಟಿದ ದಿನ. 
ನಿಜದಲ್ಲಿ: 1951ಕ್ಕೆ ಇಲ್ಲಿ ದೊಡ್ಡ ಗಣಿಗಾರಿಕೆ ಶುರುವಾಗಿ 70 ವರ್ಷವಾಗಿತ್ತು. ಒಳ್ಳೇ ಚಿನ್ನದ ಕಾಲ ಮುಗೀತಾ ಬಂದಿತ್ತು.

ಸಿನಿಮಾದಲ್ಲಿ: ನರಾಚಿ ಅನ್ನೋ ಗುಟ್ಟಿನ ಗಣಿ, ಒಂದೇ ಕುಟುಂಬದ ಹಿಡಿತ, ಹೊರಗೆ ಸುಣ್ಣದ ಕಲ್ಲಿನ ಗಣಿ ಅಂತ ನಾಟಕ. 
ನಿಜದಲ್ಲಿ: ನರಾಚಿ ಅನ್ನೋದು ಕಲ್ಪನೆ. ಇಲ್ಲಿದ್ದಿದ್ದು ಲಂಡನ್ನಿನಲ್ಲಿ ಷೇರು ಮಾರಿದ ಕಂಪನಿ, ಆಮೇಲೆ ಸರ್ಕಾರ. ಲೆಕ್ಕ, ಪರವಾನಗಿ, ರಾಯಲ್ಟಿ ಎಲ್ಲಾ ಕಾಗದದ ಮೇಲೇ ನಡೀತಿತ್ತು.

ಸಿನಿಮಾದಲ್ಲಿ: ಬಂದೂಕಿನ ಕೆಳಗೆ ದುಡಿಯೋ ಗುಲಾಮರು, ಅವರನ್ನ ಬಿಡಿಸೋಕೆ ಬೊಂಬಾಯಿಂದ ಬರೋ ಒಬ್ಬ ಹೀರೋ. 
ನಿಜದಲ್ಲಿ: ಇಲ್ಲಿದ್ದಿದ್ದು ಕೂಲಿ ಕಾರ್ಮಿಕರು. ಕಷ್ಟ ಕಮ್ಮಿ ಇರ್ಲಿಲ್ಲ, ಆದ್ರೆ ಅವರನ್ನ ಬಿಡಿಸೋಕೆ ಹೊರಗಿಂದ ಯಾರೂ ಬರ್ಲಿಲ್ಲ. ಮುಷ್ಕರ ಮಾಡಿ, ಯೂನಿಯನ್ ಕಟ್ಟಿ ಅವರೇ ಹೋರಾಡಿದ್ರು.

ಸಿನಿಮಾದಲ್ಲಿ: ಕಪ್ಪು ಮಸಿ ಹಿಡಿದ ಬಯಲು ಗಣಿ. 
ನಿಜದಲ್ಲಿ: ಕಲ್ಲಿದ್ದಲು ಗಣಿ ಹಂಗಿರುತ್ತೆ. ನಮ್ಮದು ಕಿ.ಮೀ.ಗಟ್ಟಲೆ ಆಳದ ಸುರಂಗ. ಗುಡ್ಡದ ಬಣ್ಣ ಬೂದಿ, ತಿಳಿ ಹಳದಿ.

ಸಿನಿಮಾ ಮಾಡಿದವರು ಇದು ಇತಿಹಾಸ ಅಂತ ಹೇಳಿಲ್ಲ, ಮನರಂಜನೆಗೆ ಮಾಡಿದ ಕಥೆ. ತಪ್ಪು ಅವರದ್ದು ಅನ್ನೋದಕ್ಕಿಂತ, ನಿಜದ ಕಥೆಯನ್ನ ಅಷ್ಟೇ ಗಟ್ಟಿಯಾಗಿ ಯಾರೂ ಹೇಳಿಲ್ಲ ಅನ್ನೋದು ಸರಿ.

ತಂಗಲಾನ್ ಹತ್ರ ಬಂತು, ಆದ್ರೂ ಬೇರೆ

2024ರ ಆಗಸ್ಟ್ 15ಕ್ಕೆ ಪಾ. ರಂಜಿತ್ ನಿರ್ದೇಶನದ ತಮಿಳು ಸಿನಿಮಾ "ತಂಗಲಾನ್" ಬಂತು. ವಿಕ್ರಂ ಹೀರೋ. ಉತ್ತರ ಆರ್ಕಾಟ್ ಕಡೆಯ ದಲಿತ ಕುಟುಂಬ ಜಮೀನ್ದಾರನಿಗೆ ತುಂಡು ಭೂಮಿ ಕಳ್ಕೊಂಡು, ಬ್ರಿಟಿಷ್ ಅಧಿಕಾರಿ ಜೊತೆ ಚಿನ್ನ ಹುಡುಕೋಕೆ ಹೊರಡೋ ಕಥೆ. ಇದರ ಚಿತ್ರೀಕರಣವೂ ಭಾಗಶಃ ಕೆಜಿಎಫ್‌ನಲ್ಲಿ ನಡೆದಿತ್ತು.

ಇದರಲ್ಲಿ ಮಾಯ ಮಂತ್ರ, ಚಿನ್ನ ಕಾಯೋ ಆರತಿ ಅನ್ನೋ ಪಾತ್ರ ಎಲ್ಲಾ ಕಲ್ಪನೆ. ಕಥೆ ನಡೆಯೋದು 1850ರ ಕಾಲದಲ್ಲಿ; ನಿಜವಾಗಿ ಕಾರ್ಮಿಕರು ಗುಂಪು ಗುಂಪಾಗಿ ಬಂದಿದ್ದು 1880ರ ನಂತರ. ಆದ್ರೂ ಯಾರು ಬಂದ್ರು, ಯಾಕೆ ಬಂದ್ರು, ಭೂಮಿ ಯಾರದ್ದು ಅನ್ನೋ ಪ್ರಶ್ನೆಯನ್ನ ಈ ಸಿನಿಮಾ ಕೇಳಿದೆ. ಇಲ್ಲಿನ ಎಷ್ಟೋ ಮನೆಗಳ ಅಜ್ಜಂದಿರ ಕಥೆಗೆ ಅದು ಹತ್ರ.

ಬೇರೆ ಗಣಿ ಸಿನಿಮಾಗಳು

ಗಣಿ ಕಥೆ ಸಿನಿಮಾಗೆ ಹೊಸದೇನಲ್ಲ. 1975ರ ಡಿಸೆಂಬರ್ 27ರಂದು ಧನಬಾದ್ ಹತ್ತಿರದ ಚಾಸ್‌ನಾಲಾ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತಿದ್ರು. ಅದನ್ನ ನೆನಪಿಸೋ "ಕಾಲಾ ಪತ್ಥರ್" 1979ರಲ್ಲಿ ಬಂತು, ಅಮಿತಾಭ್ ಬಚ್ಚನ್ ಇದ್ದ ಸಿನಿಮಾ. 1989ರಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್ ಗಣಿಯಲ್ಲಿ ಸಿಕ್ಕಿಬಿದ್ದ 65 ಜನರನ್ನ ಜಸ್ವಂತ್ ಸಿಂಗ್ ಗಿಲ್ ಅನ್ನೋ ಎಂಜಿನಿಯರ್ ಮೇಲೆ ತಂದಿದ್ದು 2023ರ "ಮಿಷನ್ ರಾಣಿಗಂಜ್" ಕಥೆ. ಕನ್ನಡದಲ್ಲಿ ಬಳ್ಳಾರಿ ಗಣಿ ಅಕ್ರಮದ ಹಿನ್ನೆಲೆ ಇಟ್ಕೊಂಡು 2010ರಲ್ಲಿ ಪುನೀತ್ ರಾಜ್‌ಕುಮಾರ್ ಅವರ "ಪೃಥ್ವಿ" ಬಂತು. ಅದರ ಮರುವರ್ಷವೇ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಸರ್ಕಾರಕ್ಕೆ ಸಲ್ಲಿಕೆಯಾಯ್ತು.

ಎಲ್ಲದ್ರಲ್ಲೂ ಒಂದು ವಿಷಯ ಕಾಣುತ್ತೆ. ಅವಘಡ, ಕಾದಾಟ ಪರದೆಗೆ ಚೆನ್ನಾಗಿ ಬರುತ್ತೆ. ಇಪ್ಪತ್ತು ವರ್ಷ ಕೆಮ್ಮಿ ಕೆಮ್ಮಿ ಸಾಯೋದು ಬರಲ್ಲ. ಅದಕ್ಕೇ ಸಿಲಿಕೋಸಿಸ್ ಸಿನಿಮಾ ಆಗ್ಲಿಲ್ಲ.

ಈಗ ಏನು ನಡೀತಿದೆ

ಬಿಜಿಎಂಎಲ್‌ಗೆ ಸುಮಾರು 12 ಸಾವಿರ ಎಕರೆ ಜಾಗ ಇದೆ. 2013ರಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರ್‌ಗೆ ದಾರಿ ಮಾಡಿಕೊಟ್ಟಿತ್ತು. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ, 1,003 ಎಕರೆಯಲ್ಲಿರೋ 13 ಗುಡ್ಡಗಳ ಮಣ್ಣಿಂದ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಆ ಗುಡ್ಡಗಳಲ್ಲಿ ಇರೋದು ಸುಮಾರು 3.3 ಕೋಟಿ ಟನ್ ಪುಡಿ ಅಂತ ಅಂದಾಜು.

ಹಿಂದೆ ಸರಿಯಾಗಿ ತೆಗೆಯೋಕಾಗದೆ ಉಳಿದ ಚಿನ್ನಕ್ಕೆ ಈಗಿನ ರೇಟಲ್ಲಿ ಬೆಲೆ ಬಂದಿದೆ. ಕೆಲಸ ಶುರುವಾದ್ರೆ ಊರಿಗೆ ಮುಖ್ಯವಾಗೋ ಪ್ರಶ್ನೆ ಮೂರು: ಉದ್ಯೋಗ ಸ್ಥಳೀಯರಿಗೆ ಎಷ್ಟು, ಧೂಳು ಮತ್ತು ನೀರಿನ ರಕ್ಷಣೆ ಹೇಗೆ, ಹಳೇ ಕಾರ್ಮಿಕರ ಮನೆ ಮತ್ತು ಬಾಕಿ ವಿಷಯ ಏನು. ಗುಡ್ಡ ಕರಗಿದ್ರೆ ಸಿನಿಮಾ ನೋಡ್ಕೊಂಡು ಬರೋರಿಗೆ ತೋರಿಸೋಕೆ ಏನುಳಿಯುತ್ತೆ ಅನ್ನೋದು ಅಂಗಡಿಯವರಿಗೆ ನಾಲ್ಕನೇ ಪ್ರಶ್ನೆ.

ಒಂದೇ ನೋಟದಲ್ಲಿ

1802: ವಾರೆನ್ ಎದುರು ಹಳ್ಳಿಯವರು ಚಿನ್ನ ತೊಳೆದು ತೋರಿಸಿದ್ದು
1875: ಲಾವೆಲ್ಲೆಗೆ ಪರವಾನಗಿ
1880: ಜಾನ್ ಟೇಲರ್ ಕಂಪನಿ ಪ್ರವೇಶ
1894: ಮಾರಿಕುಪ್ಪಂಗೆ ರೈಲು
1902: ಶಿವನಸಮುದ್ರದ ಕರೆಂಟ್
1930: ಬೆರಳಚ್ಚು ವಿರುದ್ಧ ಮುಷ್ಕರ
1956: ಮೈಸೂರು ಸರ್ಕಾರದ ಕೈಗೆ
1965: ನ್ಯೂಟ್ರಿನೋ ಪತ್ತೆ
1972: ಬಿಜಿಎಂಎಲ್
2001: ಗಣಿ ಬಂದ್
2018, 2022: ಕೆಜಿಎಫ್ ಸಿನಿಮಾ ಎರಡು ಭಾಗ
2024: ತಂಗಲಾನ್, ಗುಡ್ಡಗಳ ಮಣ್ಣಿಗೆ ಸಂಪುಟದ ಒಪ್ಪಿಗೆ

ಗಮನಕ್ಕೆ: ಹೊರಗಿಂದ ಬರೋರಿಗೆ ದಾರಿ ತೋರಿಸುವಾಗ ಹಳೇ ಶಾಫ್ಟ್‌ಗಳ ಹತ್ರ ಬಿಡಬೇಡಿ. ಗುಡ್ಡದ ಅಂಚು ಸಡಿಲ ಮಣ್ಣು, ಮಳೆಯಲ್ಲಿ ಜಾರುತ್ತೆ. ಗಾಳಿ ಜೋರಿರುವಾಗ ಮಕ್ಕಳನ್ನ ಕರ್ಕೊಂಡು ಹತ್ತೋದು ಬೇಡ. ಆ ಧೂಳು ಎಂಥದ್ದು ಅಂತ ಈ ಊರಿನ ಹಳಬರಿಗೆ ಗೊತ್ತು.